ನನ್ನ ಡಬ್ಬ, ಮಾವನ ಸ್ಟೇರಿಂಗು

ಮಾರ್ಚ್ ೩, ಸೋಮವಾರ

ಇವತ್ತೂ ಮುದುಕ ಅರ್ಧ ಊಟ ಬಿಟ್ಟು ಎದ್ದ. ತಟ್ಟೆಗೆ ನಡುವೆ ಗೆರೆ ಎಳೆದ ಹಾಗೆ ಬಲಗಡೆಯದೆಲ್ಲ ಬಳಿದು ತಿಂದಿದ್ದಾನೆ, ಎಡಗಡೆ ಬಡಿಸಿದ ತರಕಾರಿ ಮುಟ್ಟಿಯೂ ನೋಡಿಲ್ಲ. ಕೆಲಸದಿಂದ ಬಂದು ಚಪ್ಪಲಿ ಬಿಟ್ಟವಳೇ ಒಲೆ ಮುಂದೆ ನಿಂತು ಮಾಡಿದ್ದು. "ತರಕಾರಿ ಚೆನ್ನಾಗಿಲ್ವಾ ಮಾವ?" ಅಂದರೆ "ಯಾವ ತರಕಾರಿ?" ಅಂತ ಕೇಳುತ್ತಾನೆ! ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ಬಿಟ್ಟರೆ ಬೀದಿಗೆಲ್ಲ ಕೇಳುತ್ತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಇಲ್ಲಿ ಮುದುಕ ಅನ್ನಬಹುದು. ಎದುರಿಗೆ ಹೋದರೆ ಮಾವ, ನೀವು, ಬನ್ನಿ, ಕೂತ್ಕೊಳ್ಳಿ.

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಯಿತು. ಕೈಕಾಲು ಆಡುತ್ತವೆ. ಮಾತು ತೊದಲುವುದಿಲ್ಲ, ತೊದಲಿದ್ದರೆ ನನಗೆ ಸ್ವಲ್ಪ ನೆಮ್ಮದಿಯಾದರೂ ಇರುತ್ತಿತ್ತು. ಮತ್ತೆ ಬಂದು ತೋರಿಸಿ ಅಂತ ಡಾಕ್ಟರ್ ಹೇಳಿದ್ದರು. "ನನಗೇನಾಗಿದೆ ದಾಡಿ?" ಅಂತ ಹೋಗಲೇ ಇಲ್ಲ. ಲೈಸೆನ್ಸ್ ಆಫೀಸಿನವರು ಮಾತ್ರ ಬಿಡಲಿಲ್ಲ. ಸ್ಟ್ರೋಕ್ ಆದವರು ಇನ್ನೊಂದು ಸಲ ಗಾಡಿ ಓಡಿಸಿ ತೋರಿಸಬೇಕಂತೆ, ೨೪ಕ್ಕೆ ಪರೀಕ್ಷೆ. ಅಲ್ಲಿವರೆಗೆ ಕಾರಿನ ಕೀ ನನ್ನ ಬ್ಯಾಗಿನಲ್ಲಿ. ಜೀವಮಾನವೆಲ್ಲ ಸಿಟಿ ಬಸ್ ಓಡಿಸಿದ ಮನುಷ್ಯ ಸೊಸೆಯ ಹತ್ತಿರ ಕೀ ಕೇಳಬೇಕು ಅಂದರೆ ಹೊಟ್ಟೆ ಉರಿಯದೆ ಇರುತ್ತಾ? ಉರಿಯಲಿ. ಪಾಸಾದ ಮಾರನೇ ದಿನದಿಂದ ಪುಟ್ಟಿಯನ್ನು ತಾನೇ ಸ್ಕೂಲಿಗೆ ಬಿಡುತ್ತಾನಂತೆ. ನನ್ನ ಮಗಳನ್ನು! ಆ ಕಾರಲ್ಲಿ! ನಾನು ಬದುಕಿರುವಾಗ ಆಗದ ಮಾತು.

ಮಾರ್ಚ್ ೫, ಬುಧವಾರ

ಇವನಿಗೆ, ಅಂದರೆ ನನ್ನ ಗಂಡನಿಗೆ, ಬುದ್ಧಿ ಯಾವಾಗ ಬರುತ್ತೋ. ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರ್ತಾ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಸ್ಟೇರಿಂಗು, ಎರಡು ಪೆಡಲ್ಲು ಹೊತ್ತು ತಂದಿದ್ದಾನೆ. ಅಪ್ಪ ಪರೀಕ್ಷೆಗೆ ಪ್ರಾಕ್ಟೀಸ್ ಮಾಡಲಿ ಅಂತ. ಅದನ್ನು ಸಿಕ್ಕಿಸಿದ್ದು ಯಾವುದಕ್ಕೆ? ನನ್ನ ಲ್ಯಾಪ್‌ಟಾಪಿಗೆ. ನನ್ನನ್ನು ಒಂದು ಮಾತು ಕೇಳಿಲ್ಲ.

ಅದು ಮದುವೆಗೆ ಮುಂಚೆ, ಮೊದಲ ಕೆಲಸ ಸಿಕ್ಕಾಗ ತಗೊಂಡ ಗೇಮಿಂಗ್ ಲ್ಯಾಪ್‌ಟಾಪು. ಇಟ್ಟಿಗೆಯಷ್ಟು ದಪ್ಪ, ಎತ್ತಿದರೆ ಭುಜ ಬೀಳುತ್ತೆ. ಆದರೆ ಅದರಲ್ಲಿ ನಾನು ಆಡಿದ ಆಟಗಳೇನು, ಈಗಿನ ಕೆಲಸಕ್ಕೆ ಬೇಕು ಅಂತ ಅದರಲ್ಲೇ ಕೂತು ಕಲಿತದ್ದೇನು. ಅಡುಗೆಮನೆಗಳ ನಕ್ಷೆ ಬರೆದು ಕಪಾಟು ಎಲ್ಲಿ ಬರಬೇಕು, ಸಿಂಕು ಎಲ್ಲಿ ಕೂರಬೇಕು ಅಂತ ತೋರಿಸಿ ಇವತ್ತು ಅನ್ನ ತಿನ್ನುತ್ತಿದ್ದೀನಿ ಅಂದರೆ ಅದರ ದಯೆ.

ಮುದುಕ ಕೂತ. ಆಟದಲ್ಲಿ ಊರೊಳಗೆ ಕಾರು ಓಡಿಸಬೇಕು. ಎರಡನೇ ತಿರುವಿನಲ್ಲೇ ನಿಂತಿದ್ದ ಗಾಡಿಗೆ ಗುದ್ದಿದ. ನಾನು ನಕ್ಕುಬಿಟ್ಟೆ. "ಏನ್ ನಗ್ತೀಯ? ನಿನ್ನ ಡಬ್ಬ ತಡೀತು," ಅಂದ. ಡಬ್ಬ! ಇವನೂ ಪಕ್ಕದಲ್ಲಿ ನಿಂತು "ಹೌದಪ್ಪ, ಗ್ರಾಫಿಕ್ಸ್ ಹಳೇದು, ನಿಂತು ನಿಂತು ಓಡುತ್ತೆ" ಅಂತ ತಾಳ ಹಾಕಿದ. ಹೊಟ್ಟೆ ಉರಿಯೋದು ಏನಂದರೆ, ಅದು ಸುಳ್ಳೂ ಅಲ್ಲ. ತಿರುವಿಗೆ ಬಂದಾಗ ಚಿತ್ರ ಒಂದು ಕ್ಷಣ ಹೆಪ್ಪುಗಟ್ಟುತ್ತೆ.

ಮಾರ್ಚ್ ೮, ಶನಿವಾರ

ಇವತ್ತು ಆಗಿಯೇ ಹೋಯಿತು ಜಗಳ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ಸಂಜೆ ಮುದುಕ ಆಟಕ್ಕೆ ಕೂತಿದ್ದ, ಪುಟ್ಟಿ ಹಿಂದೆ ನಿಂತು ನೋಡುತ್ತಿದ್ದಳು. ರಸ್ತೆ ಬದಿಗೆ ದೊಡ್ಡದೊಂದು ಹಳದಿ ವ್ಯಾನು. ಮುದುಕ ಬ್ರೇಕ್ ಮುಟ್ಟಲಿಲ್ಲ, ಸ್ಟೇರಿಂಗ್ ತಿರುಗಿಸಲಿಲ್ಲ, ನೇರ ಹೋಗಿ ಗುದ್ದಿದ. ಪುಟ್ಟಿ ಕಿಸಕ್ಕನೆ ನಕ್ಕಳು. ನಾನು ತಡೆದುಕೊಳ್ಳಲಿಲ್ಲ.

"ಕಣ್ಣು ಎಲ್ಲಿತ್ತು ಮಾವ? ವ್ಯಾನು ಮನೆಯಷ್ಟು ದೊಡ್ಡದಿದೆ!"

"ವ್ಯಾನು ಆಮೇಲೆ ಬಂತು. ನಿನ್ನ ಡಬ್ಬ ಲೇಟಾಗಿ ತೋರಿಸ್ತು."

"ಡಬ್ಬ ಲೇಟಾಗಿ ತೋರಿಸ್ತು, ಸರಿ. ನಾಳೆ ರಸ್ತೇಲಿ ಏನ್ ಹೇಳ್ತೀರಿ?"

"ರಸ್ತೇಲಿ ನಿನ್ನ ಡಬ್ಬ ಇರಲ್ವಲ್ಲ, ಅದೇ ಸಮಾಧಾನ."

ಇವನು ನಿದ್ದೆಗಣ್ಣಲ್ಲಿ ಎದ್ದು ಬಂದು "ಇಬ್ಬರೂ ಸ್ವಲ್ಪ ಹೊಂದಿಕೊಳ್ಳಿ" ಅಂದ. ಈ ಮನೆಯಲ್ಲಿ ಅವನಿಗೆ ಬರುವ ಮಾತು ಅದೊಂದೇ. ನಾನು ಕೇಳಿಸಿಕೊಳ್ಳಲಿಲ್ಲ. "ನೋಡಿ ಮಾವ, ಇದಕ್ಕೆ ಚಿತ್ರ ಓಡಿಸೋ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ತೀನಿ. ನೀರು ಹರಿದ ಹಾಗೆ ಓಡುತ್ತೆ. ಆಮೇಲೆ ಊರೆಲ್ಲ ಒಂದು ಸುತ್ತು ಏನಕ್ಕೂ ತಾಗಿಸದೆ ಬನ್ನಿ. ಬಂದ್ರೆ ಕೀ ನಿಮ್ಮ ಕೈಗೆ. ತಾಗಿಸಿದ್ರೆ ಪರೀಕ್ಷೆಗೆ ಹೋಗೋ ಹಾಗಿಲ್ಲ."

"ಮಾತಿಗೆ ತಪ್ಪಲ್ಲ ತಾನೇ?"

"ನಾನು ತಪ್ಪಲ್ಲ. ನೀವು ತಪ್ಪಬೇಡಿ."

ಇವನಿಗೆ ನಂಬಿಕೆ ಇಲ್ಲ. ಲ್ಯಾಪ್‌ಟಾಪಿಗೆಲ್ಲ ಕಾರ್ಡ್ ಬದಲಾಯಿಸೋಕಾಗಲ್ಲ, ಒಳಗೇ ಬೆಸುಗೆ ಹಾಕಿರ್ತಾರೆ ಅಂತ ವಾದ. ಬೇರೆಯವಕ್ಕೆ ಹಾಕಿರ್ತಾರೆ ಮಾರಾಯ. ನನ್ನದು ಆ ಕಾಲದ್ದು. ಕಾರ್ಡು ಬೇರೆಯಾಗಿ ಅಂಗೈ ಅಗಲ ಇರುತ್ತೆ, ಒಳಗಿನ ಸೀಳಿಗೆ ಸಿಕ್ಕಿಸಿ ಸ್ಕ್ರೂ ಬಿಗಿಯೋದು. ಅದಕ್ಕೇ ಅದು ಇಟ್ಟಿಗೆಯಷ್ಟು ದಪ್ಪ. ಮುದುಕನ ನೆಪ ಒಂದನ್ನು ಕಿತ್ತುಕೊಂಡುಬಿಟ್ಟರೆ ಈ ಮನೆಯಲ್ಲಿ ನನಗೆ ನೆಮ್ಮದಿ.

ಮಾರ್ಚ್ ೧೦, ಸೋಮವಾರ

ಬಿಸಿ ಬಿಸಿ ಚಹ ಮಾಡಿ ಕೈ ಹತ್ತಿರವೇ ಇಟ್ಟು ಹೋಗಿದ್ದೆ. ಅರ್ಧ ಗಂಟೆ ಬಿಟ್ಟು ಒಳಗಿಂದ ಕೂಗು: "ಈ ಮನೇಲಿ ಒಂದು ಲೋಟ ಚಹಕ್ಕೂ ಗತಿ ಇಲ್ವಾ?" ಬಂದು ನೋಡಿದರೆ ಎಡಗೈ ಪಕ್ಕದಲ್ಲೇ ಲೋಟ, ಕೆನೆ ಕಟ್ಟಿ ತಣ್ಣಗೆ ಕೂತಿದೆ. ಬೇಕಂತಲೇ ಮಾಡುತ್ತಾನೆ. ನನ್ನ ಕೈಯಿಂದ ಮಾಡಿದ್ದು ಕಣ್ಣಿಗೇ ಕಾಣಲ್ಲ ಅಂತ ತೋರಿಸಿಕೊಳ್ಳಬೇಕಲ್ಲ. ಆ ಲೋಟವನ್ನು ಅವನ ಮುಂದೆಯೇ ಸಿಂಕಿಗೆ ಸುರಿದೆ.

ಮಾರ್ಚ್ ೧೩, ಗುರುವಾರ

ಕಾರ್ಡ್ ಸಿಕ್ಕಿತು! ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ಮೂಲೆ ಅಂಗಡಿಯವನು, ದಪ್ಪ ಕನ್ನಡಕದವನು, ಪರದೆ ಒಡೆದುಹೋದ ಒಂದು ಲ್ಯಾಪ್‌ಟಾಪಿನ ಹೊಟ್ಟೆಯಿಂದ ಬಿಚ್ಚಿ ಕೊಟ್ಟ. ನನ್ನದಕ್ಕಿಂತ ಎರಡು ತಲೆಮಾರು ಮುಂದಿನದು. "ಅಕ್ಕಾ, ಇಷ್ಟು ಹಳೇದರ ಜೊತೆ ಯಾಕೆ ಗುದ್ದಾಡ್ತೀರ? ಹೊಸದು ತಗೊಂಡು ಆರಾಮಾಗಿರಿ," ಅಂದ. ನಮ್ಮ ಮನೆಯಲ್ಲಿ ಹಳೇದರ ಜೊತೆ ಗುದ್ದಾಡೋದೇ ನನ್ನ ಕೆಲಸ ಅಂದೆ. ಅವನಿಗೇನು ಅರ್ಥವಾಯಿತೋ, ನಕ್ಕ.

"ಕೂರುತ್ತೆ. ಆದರೆ ಮೇಲೆ ಬಿಸಿ ಎಳೆಯೋ ತಾಮ್ರದ ತಟ್ಟೆ ನಿಮ್ಮ ಹಳೇ ಕಾರ್ಡಿನ ಅಳತೇದು. ಹೊಸ ಕಾರ್ಡಿನ ಚಿಪ್‌ಗೆ ಸರಿಯಾಗಿ ತಾಗಬೇಕು, ಇಲ್ಲಾಂದ್ರೆ ಸುಟ್ಟುಹೋಗುತ್ತೆ. ಕಾರ್ಡ್ ನಡೆಸೋ ಸಾಫ್ಟ್‌ವೇರ್ ಇದೆಯಲ್ಲ, ಡ್ರೈವರ್ ಅಂತ, ಅದೂ ತಕರಾರು ಮಾಡುತ್ತೆ."

ಡ್ರೈವರ್ ತಕರಾರು ಮಾಡೋದು ನನಗೆ ಹೊಸದಲ್ಲಪ್ಪ ಅಂತ ಮನಸ್ಸಲ್ಲೇ ಅಂದುಕೊಂಡು ಬಂದೆ.

ಮಾರ್ಚ್ ೧೫, ಶನಿವಾರ

ರಜಾ ದಿನ ಹಾಳಾಯಿತು. ಕೋಪದಲ್ಲಿ ಅಕ್ಷರ ಎಲ್ಲೆಲ್ಲಿಗೋ ಹೋಗ್ತಿದೆ.

ತಿಂಡಿ ಆದ ಮೇಲೆ ಊಟದ ಮೇಜಿಗೆ ಹಳೇ ಬೆಡ್‌ಶೀಟ್ ಹಾಸಿ ಲ್ಯಾಪ್‌ಟಾಪನ್ನು ಬೋರಲು ಮಲಗಿಸಿದೆ. ಬ್ಯಾಟರಿ ತೆಗೆದೆ, ತಳದ ಮುಚ್ಚಳ ಬಿಚ್ಚಿದೆ. ಒಳಗೆ ಇಷ್ಟು ವರ್ಷದ ಧೂಳು ಫ್ಯಾನಿನ ಬಾಯಿಗೆ ಕಂಬಳಿ ಹೊದಿಸಿಬಿಟ್ಟಿತ್ತು. ತಾಮ್ರದ ಕೊಳವೆ ಎತ್ತಿ, ಹಳೇ ಕಾರ್ಡಿನ ಮೇಲಿನ ಒಣಗಿದ ಪೇಸ್ಟನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಮುದುಕ ಬಂದು ತಲೆ ಮೇಲೆ ನಿಂತ.

"ಬೆಳಕು ಸಾಲಲ್ಲ, ಟಾರ್ಚ್ ಹಿಡೀಲಾ?"

ಮುದುಕ ಸಹಾಯ ಮಾಡ್ತೀನಿ ಅಂದದ್ದು ಇದೇ ಮೊದಲು. ಹಿಡೀರಿ ಅಂದೆ. ಅದೇ ನಾನು ಮಾಡಿದ ತಪ್ಪು. ನಾನು ಎಡಗಡೆ ಸ್ಕ್ರೂ ಬಿಚ್ಚುತ್ತಿದ್ದರೆ ಬೆಳಕು ಬಲಗಡೆ. "ಎಡಕ್ಕೆ ಹಿಡೀರಿ ಮಾವ" ಅಂದರೆ ಒಂದು ಚೂರು ಸರಿಸುತ್ತಾನೆ, ಮತ್ತೆ ಮೆಲ್ಲಗೆ ಬಲಕ್ಕೇ ಬರುತ್ತಾನೆ. ಮೂರು ಸಲ ಹೇಳಿದೆ. ನಾಲ್ಕನೇ ಸಲ ಟಾರ್ಚ್ ಕಿತ್ತುಕೊಂಡು ಹಲ್ಲಲ್ಲಿ ಕಚ್ಚಿಕೊಂಡೆ.

"ಹಿಡಿದಿದ್ದೆನಲ್ಲ!"

"ನೀವು ಹಿಡಿದ ಚಂದಕ್ಕೆ..." ಅಂದೆ. ಬಾಯಲ್ಲಿ ಟಾರ್ಚ್ ಇದ್ದಿದ್ದರಿಂದ ಅವನಿಗೆ ಅರ್ಥವಾಗಲಿಲ್ಲ, ಬದುಕಿಕೊಂಡ.

ಹೊಸ ಕಾರ್ಡನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದೆ. ತಾಮ್ರದ ತಟ್ಟೆ ಕೂರಿಸಿ ಸ್ಕ್ರೂ ಬಿಗಿಯುವಾಗ ಮತ್ತೆ ಶುರು: "ಎದುರುಬದುರು ಬಿಗೀಬೇಕು. ಬಸ್ಸಿನ ಚಕ್ರಕ್ಕೆ ಹಾಗೇ ಬಿಗಿಯೋದು. ಒಂದೇ ಕಡೆಯಿಂದ ಬಿಗಿದ್ರೆ ವಾಲುತ್ತೆ."

"ಗೊತ್ತು."

"ಗೊತ್ತಿದ್ರೆ ಸರಿ. ಜಾಸ್ತಿ ಬಿಗೀಬೇಡ."

"ಗೊತ್ತು ಮಾವ!"

ಎಲ್ಲ ಮುಚ್ಚಿ ಬಟನ್ ಒತ್ತಿದೆ. ಫ್ಯಾನು ಭರ್ರೋ ಅಂತು. ಪರದೆ ಕಪ್ಪು. ಎಷ್ಟು ಹೊತ್ತು ಕಾದರೂ ಕಪ್ಪು. ಮುದುಕ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. "ಸತ್ತೇ ಹೋಯ್ತಾ? ಪಾಪ, ಚೆನ್ನಾಗಿ ಬದುಕಿತ್ತು," ಅಂದ. ನಾನು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟು ಅತ್ತೆ. ಒಂದು ಕಾರ್ಡಿಗಾಗಿ ಅಳೋದಾ ಅಂತ ನನ್ನ ಮೇಲೇ ಅಸಹ್ಯ ಬಂತು. ಆದರೆ ಕಾರ್ಡಿಗಾಗಿ ಅಲ್ಲ. ೨೪ ಹತ್ತಿರ ಬರ್ತಿದೆ. ಅವನು ಪರೀಕ್ಷೆಗೆ ಹೋಗ್ತಾನೆ, ಆ ದಿನ ಹೇಗೋ ಪಾಸಾಗಿಬಿಡ್ತಾನೆ, ಬಸ್ ಡ್ರೈವರ್ ಅಂದ ಕೂಡಲೇ ಅವರೂ ಬಿಟ್ಟುಬಿಡ್ತಾರೆ. ಆಮೇಲೆ ದಿನಾ ಬೆಳಿಗ್ಗೆ ಪುಟ್ಟಿ ಆ ಸೀಟಲ್ಲಿ.

ಮಾರ್ಚ್ ೧೬, ಭಾನುವಾರ

ಕಾರ್ಡು ಪೂರ್ತಿ ಒಳಗೆ ಹೋಗಿರಲಿಲ್ಲ ಅಷ್ಟೇ! ಬಿಚ್ಚಿ, ತೆಗೆದು, ಮತ್ತೆ ತೂರಿಸಿ ಒತ್ತಿದಾಗ ಟಕ್ ಅಂತು. ಪರದೆಯಲ್ಲಿ ಬೆಳಕು ಬಂತು. ಡ್ರೈವರ್ ಮಾತ್ರ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಈ ಕಾರ್ಡ್ ಈ ಲ್ಯಾಪ್‌ಟಾಪಿನದಲ್ಲ ಅಂತ ಹಟ. ಅದರ ಫೈಲೊಂದನ್ನು ತೆಗೆದು ನನ್ನ ಲ್ಯಾಪ್‌ಟಾಪಿನ ಗುರುತನ್ನು ನಾನೇ ಬರೆದು ಸೇರಿಸಿದೆ, ಬಾಯಿ ಮುಚ್ಚಿಕೊಂಡು ಒಪ್ಪಿತು. ಆಮೇಲೆ ನೋಡಿದರೆ ಕೆಂಡದ ಹಾಗೆ ಕಾಯುತ್ತಿದೆ. ಬಿಸಿ ಹೀರಲು ಚಿಪ್ ಸುತ್ತ ನಾನಿಟ್ಟ ಮೆತ್ತೆ ದಪ್ಪಗಾಗಿ ತಾಮ್ರದ ತಟ್ಟೆ ಎತ್ತಿಹಿಡಿದಿತ್ತು. ತೆಳ್ಳಗಿನದು ಹಾಕಿದೆ. ಈಗ ತಣ್ಣಗಿದೆ.

ಮುದುಕ ಒಂದು ಸಲ ಇಣುಕಿ ನೋಡಿ, "ಎದ್ದು ಕೂತಿದೆಯಲ್ಲ ನಿನ್ನ ಡಬ್ಬ," ಅಂದ. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ. ಒಂದು ಕೆನ್ನೆ ಮಾತ್ರ ನುಣ್ಣಗೆ ಬೋಳಿಸಿ ಇನ್ನೊಂದರಲ್ಲಿ ಗಡ್ಡ ಹಾಗೇ ಬಿಟ್ಟುಕೊಂಡು ತಿರುಗುತ್ತಾನೆ. ಪಕ್ಕದ ಮನೆಯವರು ಸೊಸೆ ನೋಡಿಕೊಳ್ಳಲ್ಲ ಅಂತ ಅಂದುಕೊಳ್ಳಲಿ ಅಂತಲೇ.

ಮಾರ್ಚ್ ೧೮, ಮಂಗಳವಾರ

ಬೆಣ್ಣೆಯ ಹಾಗೆ ಓಡುತ್ತಿದೆ! ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತಿದೆ ಅಂತ ತೋರಿಸುವ ಸಂಖ್ಯೆಯನ್ನು ಪರದೆಯ ಎಡಮೂಲೆಯಲ್ಲಿ ಹಸಿರು ಬಣ್ಣದಲ್ಲಿ ಹಾಕಿಟ್ಟಿದ್ದೀನಿ, ಆನೆ ಗಾತ್ರ. ಮೊದಲು ಹದಿನೈದಕ್ಕೆ ಏದುಸಿರು ಬಿಡುತ್ತಿದ್ದದ್ದು ಈಗ ಅರವತ್ತರಿಂದ ಕೆಳಗಿಳಿಯಲ್ಲ. ಇನ್ನು ತಡೀತು, ನಿಲ್ತು ಅನ್ನಲಿ ನೋಡೋಣ, ಬೆರಳಿಟ್ಟು ತೋರಿಸ್ತೀನಿ.

ಮುದುಕ ಕೂತ. ಹೊರಟ ಸ್ವಲ್ಪ ಹೊತ್ತಿಗೇ ರಸ್ತೆ ಬದಿಯ ಕಲ್ಲು ಹತ್ತಿಸಿದ. ಆಮೇಲೆ ನಿಂತಿದ್ದ ಕಾರಿನ ಕನ್ನಡಿ ಕಿತ್ತ. ಆಮೇಲೆ ದಾಟುತ್ತಿದ್ದ ಹೆಂಗಸು.

"ತಡೀತು," ಅಂದ.

ಸಂಖ್ಯೆ ತಲೆ ಮೇಲೆ ಅರವತ್ತು ಅಂತ ಉರೀತಿದೆ, ಅದನ್ನು ಕ್ಯಾರೇ ಅನ್ನದೆ ತಡೀತು ಅಂತಾನಲ್ಲ! ನಾಚಿಕೆ ಅನ್ನೋದು ಬೇಡವಾ? ಆದರೂ ಸಂತೋಷವಾಗಿದೆ. ಗೆಲ್ಲೋದು ನಾನೇ. ಒಂದು ಸುತ್ತು ಅಂತ ಮಾತಾಗಿದ್ದು. ನಾಳೆ ಇನ್ನೊಂದು ಅವಕಾಶ ಕೊಡು ಅಂದ, ಉದಾರವಾಗಿ ಕೊಟ್ಟಿದ್ದೀನಿ.

ಮಾರ್ಚ್ ೧೯, ಬುಧವಾರ

ಹೇಗೆ ಬರೆಯಲಿ.

ಸಂಜೆ ಮತ್ತೆ ಕೂತರು. ನಾನು ಪಕ್ಕದಲ್ಲೇ ನಿಂತೆ, ನೆಪ ಹೇಳಲು ಬಿಡಬಾರದು ಅಂತ. ನಿಜ ಹೇಳಬೇಕು, ಚೆನ್ನಾಗಿ ಓಡಿಸುತ್ತಾರೆ. ಗೇರು, ವೇಗ, ಎದುರಿನ ಗಾಡಿಗೆ ದಾರಿ ಬಿಡೋದು, ಎಲ್ಲ ಗಡಿಯಾರದ ಹಾಗೆ. ಬಲಗಡೆಯಿಂದ ನಾಯಿ ಓಡಿ ಬಂತು, ನಾನು ನೋಡುವ ಮೊದಲೇ ಬ್ರೇಕ್ ಹಾಕಿದ್ದರು. ಎರಡು ಬೀದಿ ದಾಟಿದ ಮೇಲೆ ಎಡಕ್ಕೊಂದು ಬಸ್ ಸ್ಟಾಪು, ಜನ ನಿಂತಿದ್ದಾರೆ. ಸ್ಟೇರಿಂಗ್ ಮೆಲ್ಲಗೆ ಆ ಕಡೆಗೇ ವಾಲಿಸಿಕೊಂಡು ಎಲ್ಲರ ಮೇಲೂ ಹತ್ತಿಸಿದರು.

"ತಡೀತು," ಅಂದರು.

"ಎಲ್ಲಿ ತಡೀತು? ಆ ಸಂಖ್ಯೆ ನೋಡಿ ಮಾತಾಡಿ!"

"ಯಾವ ಸಂಖ್ಯೆ?"

"ಮೂಲೇಲಿ ಹಸಿರು ಬಣ್ಣದಲ್ಲಿ ಅಷ್ಟು ದೊಡ್ಡದಾಗಿದೆಯಲ್ಲ!"

ಅವರು ಬಲಮೂಲೆ ನೋಡಿದರು. "ಗಡಿಯಾರ ಇದೆ," ಅಂದರು.

"ಅಲ್ಲಲ್ಲ, ಆ ಕಡೆ!" ಬಲಮೂಲೆಯ ಮೇಲಿಂದ ಕೆಳಗೆ ಹುಡುಕಿದರು. ನಾಟಕ ಅಂತ ನನಗೆ ರೇಗಿಹೋಯಿತು. ಎರಡೂ ಕೈಯಲ್ಲಿ ಅವರ ತಲೆ ಹಿಡಿದು ಎಡಕ್ಕೆ ತಿರುಗಿಸಿದೆ. ಮದುವೆಯಾಗಿ ಬಂದಾಗಿನಿಂದ ಅವರನ್ನು ಮುಟ್ಟಿದ್ದು ಅದೇ ಮೊದಲು.

ಬೆಚ್ಚಿಬಿದ್ದರು. "ಓ. ಇದನ್ನ ಈಗ ಹಾಕಿದ್ಯಾ?"

ನಿನ್ನೆಯಿಂದ ಅಲ್ಲೇ ಇದೆ ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಥರ ಕೇಳಿಸಿತು. ಮೇಜಿನ ಮೇಲಿದ್ದ ಚಮಚ ತಗೊಂಡು ಅವರ ಎಡಗಡೆ ಹಿಡಿದು "ಇದೇನು?" ಅಂದೆ. "ಯಾವುದು?" ಅಂದರು. ಚಮಚವನ್ನು ಮೆಲ್ಲಗೆ ಮೂಗಿನ ಮುಂದಕ್ಕೆ ತಂದೆ. "ಚಮಚ. ಏನು ಆಟ ಇದು?" ಅಂದರು.

ಆಮೇಲೆ ಸಿಟ್ಟಿಗೆದ್ದರು. "ನೀನೇ ಏನೋ ಮಾಡಿದ್ದೀಯ. ಹೊಸ ಕಾರ್ಡ್ ಹಾಕೋ ನೆಪದಲ್ಲಿ ಎಡಗಡೆ ಕೆಡಿಸಿಟ್ಟಿದ್ದೀಯ. ನಾನು ಸೋಲಬೇಕು ಅಂತ!"

ಬೇರೆ ದಿನವಾಗಿದ್ದರೆ ಮನೆ ಮಾಡು ಹಾರಿಸುತ್ತಿದ್ದೆ. ಮಾತಾಡದೆ ಲ್ಯಾಪ್‌ಟಾಪನ್ನು ಇಡಿಯಾಗಿ ಅವರ ಬಲಕ್ಕೆ ಜರುಗಿಸಿದೆ. ಬಸ್ ಸ್ಟಾಪು, ಜನ, ಹಸಿರು ಸಂಖ್ಯೆ, ಎಲ್ಲ ಅವರ ಕಣ್ಣ ಮುಂದೆ ಬಂತು. ಎದ್ದು ಕೋಣೆಗೆ ಹೋಗುವಾಗ ಎಡ ಭುಜ ಬಾಗಿಲಿಗೆ ಬಡಿಯಿತು. "ಹಾಳಾದ ಬಾಗಿಲು," ಅಂದರು.

ಯಾವ ತರಕಾರಿ ಅಂತ ಕೇಳಿದ್ದು ಕೊಬ್ಬಿಗಲ್ಲ. ಚಹದ ಲೋಟ, ಟಾರ್ಚ್, ಗಡ್ಡ. ಛೆ! ಎರಡು ತಿಂಗಳು ಒಂದೇ ಮನೆಯಲ್ಲಿದ್ದು, ಇಬ್ಬರೂ ಒಬ್ಬರನ್ನೊಬ್ಬರು ತಿವಿಯೋಕೆ ಕಾಯ್ತಾ ಇದ್ದು, ಇಷ್ಟು ಗೊತ್ತಾಗಲಿಲ್ಲವಾ?

ನಾನು ಗೆದ್ದೆ. ನಾನು ಗೆದ್ದೆ. ಎರಡು ಸಲ ಬರೆದು ನೋಡಿದೆ, ಏನೂ ಸಂತೋಷ ಆಗಲಿಲ್ಲ. ಅದಕ್ಕೂ ಕೋಪ ಬರ್ತಿದೆ.

ಮಾರ್ಚ್ ೨೧, ಶುಕ್ರವಾರ

ಇವನು ರಜಾ ಹಾಕಿ ಅಪ್ಪನನ್ನು ಹೊರಡಿಸಿದ, ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಮಾವನನ್ನು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗೆಲ್ಲ ಬಟನ್ ಒತ್ತಿ ಅಂದರು. ಬಲಕ್ಕೆ ಚುಕ್ಕೆ ಬಂದಾಗ ಟಕ್ ಟಕ್ ಅಂತ ಒತ್ತಿದರು. ಎಡಕ್ಕೆ ಬಂದಾಗ ಕೈ ಸುಮ್ಮನೆ ಕೂತಿತ್ತು. ಎಷ್ಟು ಹೊತ್ತು ಸುಮ್ಮನೆ ಕೂತಿತ್ತು! ಒತ್ತಿ ಮಾವ, ಒತ್ತಿ ಅಂತ ನನ್ನ ಬಾಯಿಗೇ ಬಂದಿತ್ತು.

ಕಣ್ಣಿಗೆ ಏನೂ ಆಗಿಲ್ಲವಂತೆ. ಸ್ಟ್ರೋಕ್ ಆದಾಗ ಮಿದುಳಿನಲ್ಲಿ ಎಡಗಡೆಯನ್ನು ನೋಡೋ, ಗಮನಿಸೋ ಭಾಗಕ್ಕೆ ಪೆಟ್ಟು ಬಿದ್ದಿದೆ. ಕಾಣುತ್ತಿಲ್ಲ ಅನ್ನೋದೇ ಅವರಿಗೆ ಗೊತ್ತಾಗಲ್ಲ, ಎಲ್ಲ ಕಾಣ್ತಿದೆ ಅಂತಲೇ ಅನ್ನಿಸುತ್ತೆ. ಕತ್ತು ಪೂರ್ತಿ ತಿರುಗಿಸಿ ನೋಡೋ ಅಭ್ಯಾಸ ಮಾಡಿಕೊಳ್ಳಿ ಅಂದರು. ಗಾಡಿ ಮಾತ್ರ ಓಡಿಸೋ ಹಾಗೇ ಇಲ್ಲ.

"ಇನ್ನು ಯಾವತ್ತೂ ಇಲ್ವಾ?" ಇವನು ಕೇಳಿದ.

"ನಾನು ಹೂಂ ಅನ್ನಲಾರೆ," ಅಂದರು ಡಾಕ್ಟರಮ್ಮ.

ಮಾವ ಹೊರಗೆ ಬಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಆ ಡಾಕ್ಟರಿಗೆ ನೀನು ಮೊದಲೇ ಬಂದು ಹೇಳಿಕೊಟ್ಟಿದ್ದೀಯ. ಸೋಮವಾರ ಪರೀಕ್ಷೆಗೆ ಹೋಗ್ತೀನಿ. ಯಾರು ತಡೀತಾರೋ ನೋಡೇಬಿಡ್ತೀನಿ."

ನಾನು ತಡೀತೀನಿ ಅಂದೆ.

ಮಾರ್ಚ್ ೨೨, ಶನಿವಾರ

ಮಾವ ಮುಖ ಊದಿಸಿಕೊಂಡು ಕೂತಿದ್ದಾರೆ. ಊಟಕ್ಕೆ ಎಲ್ಲವನ್ನೂ ತಟ್ಟೆಯ ಬಲಕ್ಕೇ ಬಡಿಸಿದೆ. ಒಂದು ಅಗುಳೂ ಬಿಡದೆ ತಿಂದರು. "ತರಕಾರಿಗೆ ಉಪ್ಪು ಜಾಸ್ತಿ," ಅಂದರು. ಬೇಕಾದರೆ ತಿನ್ನಿ ಅಂದೆ. ಎರಡನೇ ಸಲ ಹಾಕಿಸಿಕೊಂಡರು.

ಮಾರ್ಚ್ ೨೪, ಸೋಮವಾರ

ಬೆಳಿಗ್ಗೆ ಪುಟ್ಟಿಯ ಡಬ್ಬಿಗೆ ತಿಂಡಿ ತುಂಬಿ, ಬ್ಯಾಗಿನಿಂದ ಬಾಚಣಿಗೆ ತಗೊಳ್ಳೋಣ ಅಂತ ಕೈ ಹಾಕಿದರೆ ಕಾರಿನ ಕೀ ಇಲ್ಲ. ಮಾವನ ಕೋಣೆಯ ಬಾಗಿಲು ತೆಗೆದಿದೆ. ಪುಟ್ಟಿಯೂ ಇಲ್ಲ. ಇವನು ಪಾಳಿ ಮುಗಿಸಿ ಬಂದು ಸತ್ತವನ ಹಾಗೆ ಮಲಗಿದ್ದಾನೆ. ನಾನು ಬರಿಗಾಲಲ್ಲೇ ಮೆಟ್ಟಿಲು ಇಳಿದು ಓಡಿದೆ. ಇಳಿಯುತ್ತಾ ಬಾಯಿಗೆ ಬಂದದ್ದನ್ನೆಲ್ಲ ಜೋಡಿಸಿಕೊಂಡೆ. ಇವತ್ತು ನೀವು ಅನ್ನೋದೂ ಇ‌ಲ್ಲ, ಮಾವ ಅನ್ನೋದೂ ಇಲ್ಲ, ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಕೊಟ್ಟುಬಿಡೋದು ಅಂತ.

ಕಾರು ನಿಂತಲ್ಲೇ ಇತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾವ ಸ್ಟೇರಿಂಗ್ ಮುಂದೆ ಕೂತಿದ್ದರು. ಕೀ ಹಾಕಿದ್ದರು, ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ. ನಾನು ಅವರ ಕಿಟಕಿ ಹತ್ತಿರ ಹೋಗಿ ಬಾಯಿ ತೆರೆಯುವ ಮೊದಲೇ ಅವರೇ ದಬಾಯಿಸಿದರು.

"ಎಷ್ಟು ಹೊತ್ತು ಕಾಯೋದು? ಪುಟ್ಟಿ ಎಲ್ಲಿ? ಅವಳನ್ನ ಸ್ಕೂಲಿಗೆ ಬಿಟ್ಟು ಹಾಗೇ ಪರೀಕ್ಷೆಗೆ ಹೋಗ್ತೀನಿ. ಕಳಿಸು ಅವಳನ್ನ!"

ಪುಟ್ಟಿ ಅವರ ಪಕ್ಕದಲ್ಲೇ ಇದ್ದಳು. ಎಡಗಡೆಯ ಸೀಟಿನಲ್ಲಿ, ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು, ಬೆಲ್ಟ್ ಹಾಕಿಕೊಂಡು. ನಗು ತಡೆಯಲು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ತಾತ ಆಟ ಆಡ್ತಿದ್ದಾರೆ ಅಂತ ಅವಳ ಲೆಕ್ಕ.

ಜೋಡಿಸಿಕೊಂಡು ಬಂದಿದ್ದ ಒಂದು ಬೈಗುಳವೂ ಬಾಯಿಂದ ಹೊರಗೆ ಬರಲಿಲ್ಲ. ನಾನು ಅವರ ಮುಖವನ್ನೇ ನೋಡಿದೆ.

"ಏನ್ ನೋಡ್ತೀಯ ಹಾಗೆ? ಮಗು ಎಲ್ಲಿ ಅಂದೆ."

"ತಾತಾ, ಇಲ್ಲೇ ಇದ್ದೀನಿ!" ಪುಟ್ಟಿಗೆ ಇನ್ನು ತಡೆಯಲಾಗಲಿಲ್ಲ.

ಮಾವ ಕತ್ತು ತಿರುಗಿಸಿದರು. ಡಾಕ್ಟರಮ್ಮ ಹೇಳಿದ ಹಾಗೆ, ಪೂರ್ತಿ. ಅವಳನ್ನು ನೋಡಿದರು, ಬೆಲ್ಟ್ ನೋಡಿದರು, ಬ್ಯಾಗ್ ನೋಡಿದರು.

"ಯಾವಾಗ ಬಂದೆ?"

"ಅವಾಗ್ಲೇ! ನೀವು ಕಾರಿನ ಬಾಗಿಲು ತೆಗೆದ್ರಲ್ಲ, ಹೆದರಿಸೋಣ ಅಂತ ಮೆಲ್ಲಗೆ ಹತ್ತಿದೆ. ನಿಮಗೆ ಕೈ ಬೀಸಿದೆ ತಾತ, ನಾಲಿಗೆ ಚಾಚಿದೆ. ನೀವು ನೋಡ್ಲೇ ಇಲ್ಲ!"

ಮಾವ ಸ್ಟೇರಿಂಗಿನಿಂದ ಕೈ ತೆಗೆದರು. ಡಾಕ್ಟರಮ್ಮ ಹೇಳಿದಾಗ ನಂಬಿರಲಿಲ್ಲ, ನಾನು ಹೇಳಿದಾಗಂತೂ ಇಲ್ಲವೇ ಇಲ್ಲ. ಒಂದು ಸಲ ಪುಟ್ಟಿಯ ತಲೆ ಮುಟ್ಟಿದರು, ಇದ್ದಾಳಾ ಅಂತ ನೋಡುವವರ ಹಾಗೆ. ಆಮೇಲೆ ಕೀ ಕಿತ್ತು ಕಿಟಕಿಯಿಂದ ನನ್ನ ಕಡೆ ಚಾಚಿದರು. ಚಾಚಿದ್ದೂ ಎಸೆದ ಹಾಗೇ ಇತ್ತು.

"ಪುಟ್ಟಿ, ಹಿಂದೆ ಹೋಗಿ ಕೂತ್ಕೋ. ನೀನು ಓಡಿಸು. ಮೊದಲು ಸ್ಕೂಲು, ಆಮೇಲೆ ಲೈಸೆನ್ಸ್ ಆಫೀಸು."

"ಪರೀಕ್ಷೆಗಾ?"

"ಬಾಯಿ ಮುಚ್ಕೊಂಡು ಓಡಿಸು."

ಎಡಗಡೆಯ ಸೀಟಿನಲ್ಲಿ ಕೂತರು. ಅಲ್ಲಿಂದ ಅವರಿಗೆ ರಸ್ತೆಯೂ ಕಾಣುತ್ತೆ, ನಾನೂ ಕಾಣುತ್ತೀನಿ, ಅದೇ ನನ್ನ ಗ್ರಹಚಾರ. ಕ್ಲಚ್ ಮೇಲೆ ಕಾಲಿಟ್ಟು ನಿದ್ದೆ ಮಾಡ್ತೀಯಾ, ಆ ಲಾರಿಗೆ ಮುತ್ತು ಕೊಡೋಕೆ ಹೊರಟಿದ್ದೀಯಾ, ಹಾರ್ನ್ ಇರೋದು ಅಲಂಕಾರಕ್ಕಾ ಅಂತ ದಾರಿಯುದ್ದಕ್ಕೂ ಬೈದರು. ನಾನೂ ಬಿಡಲಿಲ್ಲ. ಸ್ಕೂಲ್ ಗೇಟಿನಲ್ಲಿ ಪುಟ್ಟಿಯನ್ನು ಇಳಿಸಿ ಲೈಸೆನ್ಸ್ ಆಫೀಸಿನ ದಾರಿ ಹಿಡಿದೆ.

ಆಫೀಸಿನಲ್ಲಿ ಜನವೋ ಜನ. ನಮ್ಮ ಸರದಿ ಬಂದಾಗ ಕೌಂಟರಿನ ಹೆಂಗಸು ತಲೆ ಎತ್ತದೆ "ಡ್ರೈವಿಂಗ್ ಪರೀಕ್ಷೆಗಾ?" ಅಂದಳು. ಮಾವ ಜೇಬಿನಿಂದ ಲೈಸೆನ್ಸ್ ತೆಗೆದು ಮುಂದೆ ಇಟ್ಟರು.

"ವಾಪಸ್ ಕೊಡೋಕೆ."

"ಕಾರಣ?"

ನಾನು ಡಾಕ್ಟರಮ್ಮ ಹೇಳಿದ್ದನ್ನು ಹೇಳೋಣ ಅಂತ ಬಾಯಿ ತೆರೆದೆ. ಮಾವ ಕೈ ಅಡ್ಡ ಮಾಡಿದರು. ಗಂಟಲು ಸರಿ ಮಾಡಿಕೊಂಡು, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದರು:

"ಎಡಗಡೆ ಕಾಣಲ್ಲ ನನಗೆ."

ಆ ಹೆಂಗಸು ಆಗ ತಲೆ ಎತ್ತಿ ನೋಡಿದಳು. ಸಹಿ ಮಾಡಲು ಕಾಗದ ಎಡಕ್ಕೆ ಇಟ್ಟಳು. ನಾನು ಅದನ್ನು ಬಲಕ್ಕೆ ಎಳೆದೆ. ಮಾವ ಸಹಿ ಹಾಕಿದರು.

ಹೊರಗೆ ಬರುವಾಗ ಆ ಗಲಾಟೆಯಲ್ಲಿ ಯಾರೋ ಎಡಗಡೆಯಿಂದ ಬಂದು ಅವರಿಗೆ ಢಿಕ್ಕಿ ಹೊಡೆದು ಹೋದ. ಮಾವ ತತ್ತರಿಸಿ ನಿಂತರು. ನಾನು ಆ ಕಡೆಗೆ ಹೋಗಿ, ಬರುವವರಿಗೆ ಮೊಣಕೈ ಅಡ್ಡ ಕೊಟ್ಟುಕೊಂಡು ನಡೆದೆ. ನಾಲ್ಕು ಹೆಜ್ಜೆ ಹೋದವರು ಸುತ್ತ ತಡಕಾಡುವವರ ಹಾಗೆ ನೋಡಿ ಗದರಿದರು.

"ಎಲ್ಲಿ ಹಾಳಾಗಿ ಹೋದೆ?"

"ಇಲ್ಲೇ ಇದ್ದೀನಿ ಮಾವ. ನಿಮ್ಮ ಎಡಕ್ಕೆ."

"ಅಲ್ಲೇ ಇರು," ಅಂದರು.